ಮೂರು ಬಡಿತ, ಒಂದು ಬಿಡುವು

ಮಳೆ ಹಿಡಿದ ದಿನ ಬಲೆ ಹೆಣೆಯುವವರೆಲ್ಲ ಹುಟ್ಟಜ್ಜಿಯ ಮನೆಗೆ ಬರುತ್ತಿದ್ದೆವು. ಅವಳ ಮುಂದಿನ ಕೋಣೆ ಉದ್ದವಾಗಿತ್ತು; ಒಂದು ಇಡೀ ಬಲೆಯನ್ನು ಈ ಗೋಡೆಯ ಮೊಳೆಯಿಂದ ಆ ಗೋಡೆಯ ಮೊಳೆಗೆ ಬಿಡಿಸಿ ಕಟ್ಟಬಹುದಾಗಿತ್ತು. ಹರೆಯದಲ್ಲಿ ಗಂಡಸರಿಗೆ ಸಮನಾಗಿ ದೋಣಿಯ ಹುಟ್ಟು ಹಾಕುತ್ತಿದ್ದಳೆಂದು ಅವಳಿಗೆ ಆ ಹೆಸರು. ಆದರೆ ನಮಗೆ ಬುದ್ಧಿ ತಿಳಿದಾಗಿನಿಂದ ಅವಳು ದೋಣಿ ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ.

ಆ ದಿನ ಬೆಳಗ್ಗೆ ಹೋದ ದೋಣಿಗಳೆಲ್ಲ ಬರಿಗೈಯಲ್ಲಿ ಮರಳಿದ್ದವು. ಮಧ್ಯಾಹ್ನ ಶುರುವಾದ ಮಳೆ ಸಂಜೆಯಾದರೂ ಬಿಡಲಿಲ್ಲ. ತಗಡಿನ ಮಾಡಿನ ಮೇಲೆ ಅದು ಸುರಿಯುತ್ತಿದ್ದ ಸದ್ದಿಗೆ ಮಾತಾಡಬೇಕೆಂದವರು ದನಿ ಏರಿಸಬೇಕಿತ್ತು. ಬಲ್ಬಿನ ಕೆಳಗೆ ನನ್ನ ಚಿಕ್ಕಮ್ಮ, ಅವಳೆದುರು ಹೊಸದಾಗಿ ಮದುವೆಯಾಗಿ ಬಂದ ಅವಳ ಸೊಸೆ, ಬಾಗಿಲ ಬಳಿ ಇಂಜಿನ್ ಮೆಕ್ಯಾನಿಕ್, ಮೂಲೆಯಲ್ಲಿ ನಾನು. ಮೆಕ್ಯಾನಿಕ್ ಕಳೆದ ತಿಂಗಳಷ್ಟೇ ಚಿಕ್ಕಮ್ಮನ ಮಗನ ದೋಣಿಗೆ ಮೀನು ತೋರಿಸುವ ಯಂತ್ರ ಕೂರಿಸಿದ್ದ. ಚಿಕ್ಕಮ್ಮ ಅವನನ್ನು ಬಿಡಲಿಲ್ಲ.

“ನಿನ್ನ ಟೀವಿಯಲ್ಲಿ ಇವತ್ತು ಯಾವ ಸಿನಿಮಾ ಬಂತಪ್ಪಾ?”

“ಯಂತ್ರ ಸರಿಯಾಗೇ ಇದೆ, ಸಮುದ್ರ ಕೆಟ್ಟೋಗಿದೆ,” ಎಂದ ಅವನು. “ಅದಕ್ಕೆ ಸ್ಪೇರ್ ಪಾರ್ಟ್ ಸಿಗಲ್ಲ ಚಿಕ್ಕಮ್ಮ.”

ಸೊಸೆ ಸೆರಗಿನ ಮರೆಯಲ್ಲಿ ನಕ್ಕಳು. ಯಂತ್ರ ಕೈಕೊಟ್ಟರೆ ಏನಂತೆ, ನಾಳೆ ಹಳೇ ಕಾಲದವರ ಹಾಗೆ ದೋಣಿಯ ಹಲಗೆ ಬಡಿದು ಮೀನು ಎಬ್ಬಿಸುತ್ತೇವೆ, ನಿಮ್ಮ ಮಗನೂ ನಾನೂ ಮಾತಾಡಿಕೊಂಡಿದ್ದೇವೆ ಎಂದು ಮೆಕ್ಯಾನಿಕ್ ಇನ್ನೂ ಉತ್ಸಾಹದಲ್ಲಿ ಹೇಳಿದ. ಅಷ್ಟು ಹೊತ್ತೂ ಓಡುತ್ತಿದ್ದ ಅಜ್ಜಿಯ ಬಲೆಸೂಜಿ ನಿಂತಿತು.

“ಹಲಗೆ ಬಡಿಯೋದು ಬೇಡ,” ಎಂದಳು.

ಅವಳು ಗದರಿದ್ದಲ್ಲ. ಬಿಸಿ ಪಾತ್ರೆಯ ಕಡೆ ಕೈ ಚಾಚಿದ ಕೂಸಿಗೆ ಹೇಳುವ ಹಾಗೆ ಹೇಳಿದ್ದು. ಯಾಕೆಂದು ಅವನು ಕೇಳಿದ. ಅಜ್ಜಿ ಬಲೆಯ ಅಂಚನ್ನು ಮಡಿಲಿಗೆ ಎಳೆದುಕೊಂಡಳು. ನಾನು ಪದ್ಯ ಓದುವ ಮನೆಯಲ್ಲಿ ಬೆಳೆದವನು. ದೀಪ ಹಚ್ಚಿದ ಮೇಲೆ ನನ್ನ ಅಜ್ಜ ರಾಗವಾಗಿ ಓದುವಾಗ ಎಲ್ಲಿ ಉಸಿರು ನಿಲ್ಲಿಸುತ್ತಾರೋ ಅಲ್ಲಿ ನಮ್ಮ ಉಸಿರೂ ನಿಲ್ಲುತ್ತಿತ್ತು. ಅಜ್ಜಿಯ ಮಾತಿಗೂ ಅಂಥ ನಿಲುಗಡೆಗಳಿದ್ದವು. ಅವಳು ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡಳು.

“ಕೈ ಆಡ್ತಾ ಇರಲಿ, ಕೇಳೋಕೆ ಕಿವಿ ಸಾಕು…

“ನನ್ನ ಗಂಡನ ಅಪ್ಪ, ನಮ್ಮ ಮಾವ, ಅವರಿಗೆ ಎಲ್ಲರೂ ಕಿವಿಯಪ್ಪ ಅಂತ್ಲೇ ಕರೀತಿದ್ದದ್ದು. ಕಣ್ಣಿಂದ ಮೀನು ಹಿಡಿಯೋರು ಇದ್ರು, ಅದೃಷ್ಟದಿಂದ ಹಿಡಿಯೋರು ಇದ್ರು, ಇವರು ಕಿವಿಯಿಂದ ಹಿಡೀತಿದ್ರು. ಹುಟ್ಟಿನ ಅಲಗನ್ನ ನೀರಿಗೆ ಇಳಿಬಿಟ್ಟು, ಹಿಡಿಯ ತುದಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ಕೂತ್ರು ಅಂದ್ರೆ ದೋಣೀಲಿ ನಾವು ಉಗುಳು ನುಂಗೋಕೂ ಹೆದರಬೇಕು. ಸದ್ದು ಮಾಡೋ ಮೀನು ಅಂತ ಒಂದು ಜಾತಿ ಇತ್ತು ಆಗ, ನೀವು ಎಲ್ಲಿ ನೋಡ್ಬೇಕು? ಖಾಲಿ ಮಡಕೇನ ಬೆರಳ ಗೆಣ್ಣಿಂದ ತಟ್ಟಿದ ಹಾಗೆ, ಟೊಕ್, ಟೊಕ್… ಹಿಂಡು ಬಂತು ಅಂದ್ರೆ ನೂರು ಮಡಕೆ. ಎಲ್ಲಿ ಅಂತ ಮಾವ ಬೆರಳು ತೋರಿಸೋರು, ಅಲ್ಲಿಗೆ ಹುಟ್ಟು ಹಾಕೋದು, ಅರ್ಧಚಂದ್ರನ ಹಾಗೆ ಬಲೆ ಬಿಡೋದು, ಆಮೇಲೆ ನನ್ನ ಮೈದುನ ಮರದ ಕೊಡತಿ ತಗೊಂಡು ದೋಣಿಯ ಅಡಿಹಲಗೆ ಬಡಿಯೋದು. ಮೂರು ಬಡಿತ, ಒಂದು ಬಿಡುವು. ಮೂರು ಬಡಿತ, ಒಂದು ಬಿಡುವು. ಬಡಿತಕ್ಕೆ ಮೀನು ಹೆದರಿ ಓಡುತ್ತೆ, ಬಿಡುವಲ್ಲಿ ಅದು ಯಾವ ಕಡೆ ಓಡ್ತು ಅಂತ ಮಾವ ಕೇಳಿಸ್ಕೋಬೇಕು. ನಮ್ಮ ಮನೆಯೋರು ತಲೆತಲಾಂತರದಿಂದ ಹಾಗೇ ಬಡಿದದ್ದು. ಕಣ್ಣು ಕಟ್ಟಿದ್ರೂ ಆ ಬಡಿತ ನಮ್ಮದು ಅಂತ ನಮ್ಮನೆ ಕೂಸಿಗೂ ಗೊತ್ತಾಗ್ತಿತ್ತು…

“ನನ್ನೋರಿಗೆ ಮಾತ್ರ ದೋಣಿ ಹಿಡಿಸಲಿಲ್ಲ. ಕೊಲ್ಲಿಯ ಆಚೆ ದಡಕ್ಕೆ ಸಿಮೆಂಟು ಇಟ್ಟಿಗೆ ಹೊತ್ತು ಹೋಗಿಬರೋ ಒಂದು ಸಣ್ಣ ಲಾಂಚಿತ್ತು, ಅದಕ್ಕೆ ಸೇರ್ಕೊಂಡ್ರು. ಮೇಲೆ ಡ್ರೈವರು, ಕೆಳಗೆ ಇಂಜಿನ್ ಗೂಡಲ್ಲಿ ಇವರು. ಸಮುದ್ರದ ಮೇಲಿದ್ದೂ ಸಮುದ್ರ ಕಾಣದ ಕೆಲಸ ಅಂತ ಮಾವನಿಗೆ ಬೇಜಾರು. ಇವರು ನಗೋರು. ಎಣ್ಣೆ ವಾಸನೆ ಹೊತ್ಕೊಂಡು ಮನೆಗೆ ಬರೋರು. ನಾನು ಮೂಗು ಮುಚ್ಕೋತಿದ್ದೆ, ಬೇಕಂತ್ಲೇ ಕೈ ತಂದು ನನ್ನ ಮೂಗಿಗೆ ಹಿಡಿಯೋರು. ಮದುವೆ ಆಗಿ ಆಗ ವರ್ಷ ತುಂಬಿರಲಿಲ್ಲ.”

ಚಿಕ್ಕಮ್ಮನ ಸೊಸೆ ತಲೆ ತಗ್ಗಿಸಿ ಗಂಟು ಬಿಗಿದಳು. ಅವಳ ಗಂಡನೂ ನಾಳೆ ಹೋಗುವವನೇ.

“ಒಂದು ಸಂಜೆ ಲಾಂಚು ಆಚೆ ದಡ ಬಿಡೋ ಹೊತ್ತಿಗೆ ಗಾಳಿ ಎದ್ದಿತು. ಇವರು ಬರಲಿಲ್ಲ. ಗಾಬರಿ ಆಯ್ತಾ ಅಂತೀರಾ? ಇಲ್ಲ. ಗಾಳಿ ಎದ್ದ ದಿನ ಅಲ್ಲೇ ಉಳ್ಕೊಂಡು ಬೆಳಗ್ಗೆ ಬರೋರು, ಎಷ್ಟೋ ಸಲ ಹಾಗಾಗಿದೆ. ನಮ್ಮತ್ತೆ ಅವರ ಊಟ ಮುಚ್ಚಿಟ್ಟು ಮಲಗಿದ್ರು. ಬೆಳಕು ಹರಿಯೋ ಹೊತ್ತಿಗೆ ಗಾಳಿ ಸತ್ತೋಗಿತ್ತು. ಬಿರುಗಾಳಿ ಆದ ಮಾರನೇ ದಿನ ಕಲಕಿದ ನೀರಿಗೆ ಸದ್ದಿನ ಮೀನು ದಡದ ಹತ್ತಿರ ಬರುತ್ತೆ. ಅಂಥ ದಿನ ಕಳ್ಕೊಳ್ಳೋ ಹಾಗಿಲ್ಲ. ನಾನೊಂದು ಹುಟ್ಟಿಗೆ, ಮೈದುನ ಇನ್ನೊಂದಕ್ಕೆ, ಮಾವ ಮುಂದೆ. ಮೂರೇ ಜನ ಹೊರಟ್ವಿ.

“ಎಂಥ ಬೆಳಗು ಅಂತೀರಿ… ನೀರು ಬಟ್ಟೆ ಹಾಸಿ ಬಿಟ್ಟ ಹಾಗಿತ್ತು, ಒಂದು ಸುಕ್ಕಿಲ್ಲ. ಬಣ್ಣ ಮಾತ್ರ ಪಾತ್ರೆ ತೊಳೆದ ನೀರು. ದಡ ಮಂಜಲ್ಲಿ ಅಳಿಸಿ ಹೋಗಿತ್ತು, ಹಕ್ಕಿ ಇಲ್ಲ, ಇನ್ನೊಂದು ದೋಣಿ ಇಲ್ಲ. ಮಾವ ಕಿವಿ ಒತ್ತಿದ್ರು, ತಲೆ ಅಲ್ಲಾಡಿಸಿದ್ರು. ಮುಂದೆ ಹೋದ್ವಿ. ಅಲ್ಲೂ ಇಲ್ಲ. ಅದರ ಮುಂದೆಯೂ ಇಲ್ಲ. ಮೀನೆಲ್ಲ ರಜಾ ಹಾಕಿವೆ, ನಾವೂ ಮನೆಗೆ ಹೋಗಿ ಮಲಗೋಣ ಅಂತ ಮೈದುನ ಗೊಣಗಿದ. ಮಾವ ಸುಮ್ಮನಿರು ಅಂತ ಕೈ ಎತ್ತಿದ್ರು. ಕೈ ಹಾಗೇ ನಿಂತು ಬಿಡ್ತು.

“‘ಇದೆ,’ ಅಂದ್ರು. ‘ಒಂದೇ ಇದೆ. ದೊಡ್ಡದು.’

“ನೀರೊಳಗಿನ ಬಂಡೆ ಹತ್ರ ಅದು. ಹಿಂಡು ಬಿಟ್ಟ ಮುದಿ ಮೀನು ಅಂಥ ಬಂಡೆ ಸಂದೀಲಿ ಒಂಟಿಯಾಗಿ ಕೂತು ತಟ್ಟೋದುಂಟು. ಅದೇ ಇರಬೇಕು ಅಂದ್ಕೊಂಡ್ವಿ. ಬಲೆ ಬಿಟ್ವಿ. ಮೈದುನ ಬಡಿದ, ಮೂರು. ಬಿಡುವು ಕೊಟ್ಟ. ಮಾವ ಹುಬ್ಬು ಗಂಟು ಹಾಕಿದ್ರು. ‘ಓಡ್ತಿಲ್ಲ. ಇದ್ದಲ್ಲೇ ತಟ್ತಿದೆ… ಮೂರು ಸಲ ತಟ್ತು,’ ಅಂದ್ರು. ಮೈದುನ ನಕ್ಕ. ‘ಇಸ್ಕೂಲಿಗೆ ಹೋದ ಮೀನಿರಬೇಕು. ನನಗಿಂತ ಲೆಕ್ಕ ಚೆನ್ನಾಗಿದೆ,’ ಅಂದ. ನಾನೂ ನಕ್ಕೆ. ಹೌದು, ನಕ್ಕೆ. ಬಲೆ ಎಳೆದ್ವಿ, ಖಾಲಿ. ಮತ್ತೆ ಬಿಟ್ವಿ, ಮತ್ತೆ ಬಡಿದ್ವಿ. ಈ ಸಲ ತಟ್ಟೋದು ಜೋರಾಗಿದೆ, ಅವಸರವಾಗಿದೆ ಅಂದ್ರು ಮಾವ. ನಾವು ಬಡಿದಷ್ಟೂ ಅದು ತಟ್ಟೋದು, ಅದು ತಟ್ಟಿದಷ್ಟೂ ನಾವು ಬಡಿಯೋದು. ಹೊತ್ತು ಎಷ್ಟು ಹೋಯ್ತೋ. ಕೊನೆಗೆ ಬಲೆ ಎಳೆದಾಗ ನನ್ನ ಕೈ ಜಾರ್ತು. ಬಲೆಯ ಕಣ್ಣು ಕಣ್ಣಿಗೂ ಏನೋ ಜಿಡ್ಡು ಮೆತ್ತಿದೆ. ಕೈ ಮೂಗಿಗೆ ಹಿಡಿದೆ…”

ಅಜ್ಜಿ ನಿಲ್ಲಿಸಿದಳು. ಬಲೆಸೂಜಿಯಲ್ಲಿ ದಾರ ಮುಗಿದಿತ್ತು. ಹೊಸ ದಾರ ಸುತ್ತಿಕೊಂಡಳು. ಮೆಕ್ಯಾನಿಕ್ ತನ್ನ ಎಣ್ಣೆಗಪ್ಪಿನ ಅಂಗೈಗಳನ್ನು ಮೊಣಕಾಲ ಕೆಳಗೆ ಸೇರಿಸಿಕೊಂಡದ್ದನ್ನು ನಾನು ನೋಡಿದೆ.

“ನೀರಿನ ಮೇಲೆ ಬಣ್ಣ ಬಣ್ಣವಾಗಿ ಎಣ್ಣೆ ಗುಳ್ಳೆ ಏಳ್ತಿತ್ತು. ಮಂಜು ಬೆಳಕಲ್ಲಿ ನಮಗೆ ಅಲ್ಲೀವರೆಗೂ ಕಂಡಿರಲಿಲ್ಲ. ನಾನು ಮಾವನ ಕೈಯಿಂದ ಹುಟ್ಟು ಕಿತ್ಕೊಂಡು ಕಿವಿ ಇಟ್ಟೆ. ನನ್ನ ಕಿವಿಗೆ ಅಭ್ಯಾಸ ಇಲ್ಲ, ಸಮುದ್ರದ ಗುಂಯ್ ಅನ್ನೋದೇ ಮೊದಲು ಕೇಳಿಸಿದ್ದು. ಆಮೇಲೆ… ಮೂರು ತಟ್ಟು. ಬಿಡುವು. ಮೂರು ತಟ್ಟು. ಬಿಡುವು. ಮೀನಿಗೆ ಅಂಥ ಬಿಡುವು ಯಾರು ಕಲಿಸ್ತಾರೆ? ನಮ್ಮನೆ ಬಡಿತ ಅದು. ಕೆಳಗೆ, ಕತ್ತಲಲ್ಲಿ, ಮಗುಚಿದ ಲಾಂಚಿನ ಹೊಟ್ಟೇಲಿ, ಒಂದು ಹಿಡಿ ಗಾಳಿ ಇಟ್ಕೊಂಡು ನಿಂತವರಿಗೆ ಅಪ್ಪನ ದೋಣಿ ಬಂತು ಅಂತ ಗೊತ್ತಾಗಿತ್ತು. ನಾವು ಮೀನು ಓಡಿಸೋಕೆ ಬಡಿದದ್ದು ಅವರಿಗೆ, ಬಂದ್ವಿ ತಡಿ, ಬಂದ್ವಿ ತಡಿ, ಅಂತ ಕೇಳಿಸಿತ್ತು.

“ಮೈದುನ ಅಂಗಿ ಕೂಡ ಬಿಚ್ಚದೆ ಹಾರಿದ. ಆಳ ನಾಲ್ಕಾಳಿಗೂ ಮೇಲೆ. ನೀರು ಮಣ್ಣುಬಗ್ಗಡ, ತನ್ನ ಕೈ ತನಗೆ ಕಾಣದು. ಎದ್ದ, ಮುಳುಗಿದ, ಎದ್ದ. ಮೂಗಿಂದ ರಕ್ತ ಇಳೀತಿತ್ತು. ಒಂದು ಸಲ ಎದ್ದಾಗ, ತಗಡು ಮುಟ್ಟಿದೆ ಅಪ್ಪಾ, ಬಾಗಿಲು ಸಿಗಲಿಲ್ಲ, ಕೆಳಮುಖವಾಗಿ ಹೂತೋಗಿದೆ, ಒಳಗಿಂದ ನನ್ನ ಅಂಗೈ ಹತ್ರಾನೇ ಬಡೀತಿದಾನೆ ಅಂತ ಹೇಳಿ ದೋಣಿ ಅಂಚು ಹಿಡ್ಕೊಂಡು ಹೋ ಅಂತ ಅತ್ತ. ಇಪ್ಪತ್ತೆರಡರ ಹುಡುಗ, ಅಷ್ಟು ಗಟ್ಟಿ ಆಳು…

“ದಡಕ್ಕೆ ಹೋಗಬೇಕು, ಮುಳುಗುಗಾರರನ್ನ ದೊಡ್ಡ ದೋಣೀನ ತರಬೇಕು. ಮೂರೂ ಜನ ಹೋದ್ರೆ ಜಾಗ ತಪ್ಪುತ್ತೆ. ಮಂಜಲ್ಲಿ ದಡದ ಗುರುತು ಒಂದೂ ಕಾಣ್ತಿಲ್ಲ, ಗುರುತಿಗೆ ಬಲೆಯ ತೇಲುಬೆಂಡು ಬಿಟ್ಟು ಹೋಗೋಣ ಅಂದ್ರೆ ಕೆಳಗಿನ ಸೆಳೆತ ಎಳ್ಕೊಂಡು ಹೋಗುತ್ತೆ. ನಾವು ಲಂಗರು ಹಾಕಿ ಗುರುತಾಗಿ ನಿಂತ್ವಿ. ಮೈದುನ ಖಾಲಿ ಡಬ್ಬಾ ಎದೆಗೆ ಕಟ್ಕೊಂಡು ಈಜಿಕೊಂಡು ಹೋದ. ಮಂಜೊಳಗೆ ಅವನ ತಲೆ ಮಾಯ ಆಗೋದನ್ನ ನೋಡಿದೆ. ಆಮೇಲೆ ದೋಣೀಲಿ ನಾನು, ಮಾವ. ನಮ್ಮ ಕಾಲ ಕೆಳಗೆ… ಅವರು.

“ಕೊಡತಿ ಎತ್ಕೊಂಡೆ. ನಾವು ಇಲ್ಲೇ ಇದೀವಿ ಅಂತ ಹೇಳಬೇಡವಾ? ಮಾವ ನನ್ನ ಮಣಿಕಟ್ಟು ಹಿಡ್ಕೊಂಡ್ರು. ಸೊಸೇನ ಅಲ್ಲೀವರೆಗೂ ಮುಟ್ಟಿ ಮಾತಾಡಿಸಿದೋರಲ್ಲ.

“‘ಬಡೀಬೇಡಮ್ಮ,’ ಅಂದ್ರು. ‘ನೀನು ಬಡಿದ್ರೆ ಅವನು ಬಡೀತಾನೆ. ಬಡಿದ್ರೆ ಉಸಿರು ಖರ್ಚಾಗುತ್ತೆ. ಇರೋ ಗಾಳಿ ಮುಳುಗುಗಾರರು ಬರೋವರೆಗೂ ಬರಬೇಕು.’

“‘ನಾವು ಬಿಟ್ಟೋದ್ವಿ ಅಂದ್ಕೋತಾರೆ ಮಾವ,’ ಅಂದೆ.

“‘ಅಂದ್ಕೊಳ್ಳಲಿ. ಅಂದ್ಕೊಂಡು ಸುಮ್ಮನಾಗಲಿ. ಬದುಕಿ ಬಂದ ಮೇಲೆ ನನ್ನ ಬೈಲಿ.’

“ಈಗ ನೀವೇ ಹೇಳಿ, ಯಾರು ಸರಿ? ಇಷ್ಟು ವರ್ಷದಿಂದ ಕೇಳ್ಕೊಂಡಿದೀನಿ, ದೇವರನ್ನೂ ಕೇಳಿದೀನಿ. ಬಡಿದ್ರೆ ಉಸಿರು ಹೋಗುತ್ತೆ, ಬಡೀದಿದ್ರೆ ಧೈರ್ಯ ಹೋಗುತ್ತೆ. ಎರಡರಲ್ಲಿ ಯಾವುದು ಮೊದಲು ಹೋದ್ರೆ ಮನುಷ್ಯ ಸಾಯ್ತಾನೆ? ಮಾವ ಹುಟ್ಟಿಗೆ ಕಿವಿ ಇಟ್ಟು ಕೂತ್ರು. ನಾನು ಅವರ ಮುಖ ನೋಡ್ಕೊಂಡು ಕೂತೆ. ಕೆಳಗೆ ತಟ್ಟಿದಾಗೆಲ್ಲ ಅವರ ರೆಪ್ಪೆ ಅದುರೋದು, ಅದರಿಂದಲೇ ನನಗೆ ಗೊತ್ತಾಗ್ತಿತ್ತು. ನನ್ನೋರು ಸುಮ್ಮನಾಗಲಿಲ್ಲ. ತಟ್ತಾನೇ ಇದ್ರು. ಮೂರು ತಟ್ಟಿ ನಮ್ಮ ಉತ್ತರಕ್ಕೆ ಕಾಯೋರು. ಮತ್ತೆ ಮೂರು ತಟ್ಟಿ ಕಾಯೋರು. ಬಿಸಿಲು ಬಂತು. ಮಂಜು ತೆಳ್ಳಗಾಯ್ತು. ದಡ ಕಾಣಿಸ್ತು. ಬೀದಿ, ಮನೆಗಳು, ಬಟ್ಟೆ ಒಣಹಾಕ್ತಿರೋ ಹೆಂಗಸರು, ಎಲ್ಲ ಚಿತ್ರದ ಹಾಗೆ ಕಾಣಿಸ್ತಿತ್ತು, ಕೂಗಿದ್ರೆ ಯಾರಿಗೂ ಕೇಳಿಸಲ್ಲ… ಮೂರು ಇದ್ದದ್ದು ಎರಡಾಯ್ತು. ಎರಡು ಇದ್ದದ್ದು ಒಂದಾಯ್ತು. ಆ ಒಂದು ಆದ ಮೇಲೆ ಬಿಡುವು.

“ಆ ಬಿಡುವು ಮುಗೀಲಿಲ್ಲ.

“ದೊಡ್ಡ ದೋಣಿ ಬಂದಾಗ ಮತ್ತೆ ಗಾಳಿ ಎದ್ದಿತ್ತು, ಇಳಿಯೋಕಾಗಲಿಲ್ಲ. ಮಾರನೇ ದಿನ ಮೇಲೆ ತಂದ್ರು. ಡ್ರೈವರು ಸಿಗಲೇ ಇಲ್ಲ. ಇವರ ಮೈ ಮೇಲೆ ಒಂದು ತರಚು ಗಾಯ ಕೂಡ ಇಲ್ಲ, ಮಲಗಿದ ಹಾಗೇ ಇದ್ರು, ಕೈಯಲ್ಲಿ ಸ್ಪಾನರು. ಅದನ್ನ ಬಿಡಿಸೋಕೆ ಇಬ್ಬರು ಬೇಕಾಯ್ತು. ಮಾಡಬೇಕಾದ್ದನ್ನೆಲ್ಲ ಕ್ರಮವಾಗಿ ಮಾಡಿ ಕಳಿಸಿಕೊಟ್ವಿ. ಲಾಂಚನ್ನೂ ಎಳೆದು ತಂದು ಒಡೆದು ಗುಜರಿಗೆ ಹಾಕಿದ್ರು.”

ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಅಯ್ಯೋ, ಇಷ್ಟು ವರ್ಷ ಒಂದೇ ಬೀದಿಯಲ್ಲಿದ್ದೂ ನೀನು ಇದನ್ನು ಹೇಳಲೇ ಇಲ್ಲವಲ್ಲ ಎಂದಳು. ಮಳೆ ಸ್ವಲ್ಪ ಇಳಿದು ಅಜ್ಜಿಯ ದನಿ ಈಗ ಸ್ಪಷ್ಟವಾಗಿ ಕೇಳುತ್ತಿತ್ತು.

“ಇಲ್ಲಿಗೆ ಮುಗಿದಿದ್ರೆ ಇವತ್ತೂ ಹೇಳ್ತಿರಲಿಲ್ಲ. ನೀರಿನ ಹತ್ರ ಬದುಕೋರಲ್ಲಿ ಇಂಥದ್ದು ಯಾರ ಮನೇಲಿಲ್ಲ?

“ಆ ವರ್ಷದ ಮಳೆಗಾಲ ಕಳೆದು ಮಾವ ಮತ್ತೆ ದೋಣಿ ಇಳಿಸಿದ್ರು. ಬಂಡೆ ಕಡೆ ಹೋಗದೆ ಬೇರೆ ದಿಕ್ಕಿಗೆ ಹೋದ್ರು. ಹುಟ್ಟಿಗೆ ಕಿವಿ ಇಟ್ರು. ಇಟ್ಟೋರು ಎತ್ತಲಿಲ್ಲ. ಮೀನಾ ಅಂತ ಮೈದುನ ಕೇಳಿದ. ಖಾಲಿ ದೋಣಿ ತಗೊಂಡು ಬಂದ್ರು. ಮಾರನೇ ದಿನವೂ ಖಾಲಿ. ಎಲ್ಲಿ ಹುಟ್ಟು ಇಳಿಸಿದ್ರೂ ಅದೇ. ಮೂರು ತಟ್ಟು, ಕಾಯೋದು. ಸದ್ದಿನ ಮೀನು ಆ ನೀರು ಬಿಟ್ಟೋಯ್ತು. ಅಷ್ಟು ತಟ್ಟೋ ಕಡೆ ಅದು ಯಾಕಿರುತ್ತೆ? ಮೈದುನ ಕೆಲಸ ಹುಡುಕ್ಕೊಂಡು ಬೇರೆ ಕಡೆ ಹೋದ. ಮಾವ ಮಾತ್ರ ಸಾಯೋವರೆಗೂ ದಿನಾ ಬೆಳಗ್ಗೆ ಹೋಗಿ ಕಿವಿ ಇಟ್ಟು ಬರೋರು. ಒಂದು ದಿನವೂ ಉತ್ತರ ಕೊಡಲಿಲ್ಲ. ಒಂದು ಸಲ ಬಡಿದು ಬಿಡಿ, ಪಾಪ, ಅಂತ ನಾನು ಅಂದ್ರೆ ಅದೇ ಮಾತು… ಉಸಿರು ಖರ್ಚಾಗುತ್ತಮ್ಮ. ಹೋದವರಿಗೆ ಎಂಥ ಉಸಿರು ಅಂತ ಅವರಿಗೆ ಯಾರು ಹೇಳ್ತಾರೆ? ಕೊನೇ ದಿನವೂ ನನ್ನ ಕೈ ಹಿಡಿದು ಅದನ್ನೇ ಹೇಳಿದ್ರು. ಬಡೀಬೇಡ ಅಂತ.

“ಮಾವ ಹೋದ ಮೇಲೆ ಒಂದು ಬೆಳಗ್ಗೆ ಒಬ್ಬಳೇ ದೋಣಿ ತಗೊಂಡು ಹೋದೆ. ಹಾಗೇ ಮಂಜು, ಹಾಗೇ ಹಾಸಿದ ನೀರು. ಕಿವಿ ಇಟ್ಟೆ. ಇದ್ರು. ಮೂರು ತಟ್ಟಿ ಕಾಯ್ತಾ ಇದ್ರು. ನಾನು ಎಷ್ಟು ಅಂತ ತಡ್ಕೊಳ್ಳಲಿ, ಹೇಳಿ… ಕೊಡತಿ ಎತ್ತಿ ಅಡಿಹಲಗೆಗೆ ಮೂರು ಬಡಿದೆ.

“ಏನೂ ಕೇಳಿಸಲಿಲ್ಲ. ಹುಟ್ಟಲ್ಲಿ ಸದ್ದಿಲ್ಲ. ಕಡೆಗೂ ನೆಮ್ಮದಿ ಆಯ್ತು ಅವರಿಗೆ, ಒಂದು ಮಾತಿಗಾಗಿ ಕಾಯ್ತಿದ್ರು, ಸಿಕ್ತು, ಅಂತ ನಾನು ಕೈ ಮುಗಿದೆ. ಮುಗಿದ ಕೈ ಇಳಿಸಿಲ್ಲ… ನನ್ನ ಅಂಗಾಲ ಕೆಳಗೆ, ದೋಣಿಯ ಹಲಗೆಗೆ ಹೊರಗಿಂದ, ತಟ್ಟಿದ್ರು.

“ದಡದವರೆಗೂ ಹುಟ್ಟು ಹಾಕಿದೆ. ಆ ತಟ್ಟು ಜೊತೇಗೇ ಬಂತು. ಅವತ್ತೇ ಕೊನೆ, ನಾನು ದೋಣಿ ಹತ್ತಲಿಲ್ಲ. ಹತ್ತೋ ಅಗತ್ಯ ಏನಿದೆ? ಹಿಂದಿನ ಕೋಣೆ ದಾಟಿದ್ರೆ ನೀರಿಗೆ ಇಳಿಯೋ ಮೆಟ್ಟಿಲಿದೆ ಅಲ್ವಾ, ಭರತದಲ್ಲಿ ನೀರು ಏರಿದಾಗ ಮೊದಲು ಕೆಳಗಿನ ಮೆಟ್ಟಿಲ ಹತ್ರ ಕೇಳಿಸ್ತಿತ್ತು. ಕೆಲವು ವರ್ಷ ಆದ ಮೇಲೆ ಅದರ ಮೇಲಿನ ಮೆಟ್ಟಿಲು. ಅವಸರ ಇಲ್ಲ ಅವರಿಗೆ. ಕಾದು ಅಭ್ಯಾಸ. ನಾನೂ ಹೇಳ್ತಾ ಬಂದೆ, ತಡೀರಿ, ಈ ಬಲೆ ಮುಗೀಲಿ, ಈ ಮಳೆಗಾಲ ಮುಗೀಲಿ, ಅಂತ. ಮುದುಕಿ ಆದೆ. ನಾನು ಮುದುಕಿ ಆದದ್ದು ಅವರಿಗೆ ಗೊತ್ತೋ ಇಲ್ಲವೋ…”

ಹೊರಗೆ ಮಳೆ ಪೂರಾ ನಿಂತಿತ್ತು. ಯಾರ ಕೈಯೂ ಆಡುತ್ತಿರಲಿಲ್ಲ. ಮೆಕ್ಯಾನಿಕ್ ಮೆಲ್ಲಗೆ ಎದ್ದ. ನಾಳೆ ಹಲಗೆ ಬಡಿಯುವುದಿಲ್ಲ ಎಂದು ತನಗೇ ಹೇಳಿಕೊಂಡ ಹಾಗೆ ಹೇಳಿದ. ಚಿಕ್ಕಮ್ಮ ಸೊಸೆಯ ಕೈ ಹಿಡಿದುಕೊಂಡಳು. ಇಷ್ಟು ದಿನ ಒಬ್ಬಳೇ ಹೇಗಿದ್ದೆ, ಇವತ್ತು ನಮ್ಮ ಮನೆಗೆ ಬಾ ಎಂದು ಅಜ್ಜಿಯನ್ನು ಕರೆದಳು. ಅಜ್ಜಿ ಬಲೆಯನ್ನು ಮೊಳೆಗಳಿಂದ ಬಿಡಿಸಿ, ಸುಕ್ಕು ಬೀಳದ ಹಾಗೆ ಮಡಚಿಟ್ಟಳು. ಅದು ಮುಗಿದಿತ್ತು. ಆಮೇಲೆ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು.

“ನೀವೆಲ್ಲ ಬೀದಿ ಕಡೆಯಿಂದ ಹೋಗಿ. ಹಿಂದಿನ ಬಾಗಿಲ ಹತ್ರ ಯಾರೂ ಸುಳೀಬೇಡಿ, ತಟ್ಟಿದ್ದು ಕೇಳಿಸಿದ್ರೂ ಓ ಅನ್ನಬೇಡಿ… ಅದಕ್ಕೆ ಓ ಅನ್ನಬೇಕಾದೋಳು ನಾನಿದೀನಿ. ಬಹಳ ವರ್ಷದಿಂದ ತುಕ್ಕು ಹಿಡಿದಿತ್ತು, ಇವತ್ತು ಬೆಳಗ್ಗೆ ಆ ಚಿಲಕಕ್ಕೆ ಎಣ್ಣೆ ಹಾಕಿದೀನಿ.”